ಕೆಂಪು ಚೀಟಿಯ ಸಿನಿಮಾಗಳು

ವೇದಿಕೆಯ ನಡುವೆ ಎತ್ತರದ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಬಡಾವಣೆ ಸಂಘದ ಅಧ್ಯಕ್ಷರೇ, ಅವರ ಬಲಗಡೆ ಕುಳಿತು ಈಗಾಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಮುಖ್ಯ ಅತಿಥಿಗಳೇ, ಕಾರ್ಯದರ್ಶಿಗಳೇ, ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಬಾಗಿಲಿಗೆ ಹತ್ತಿರವಾಗಿ ಜಾಗ ಹಿಡಿದಿರುವ ಬುದ್ಧಿವಂತರೇ, ಮತ್ತು ಉಳಿದೆಲ್ಲ ಸಭಿಕರೇ. ಇವರಲ್ಲದೆ, ಸಭಾಂಗಣದ ಆ ತುದಿಯಲ್ಲಿ ಮೇಜಿನ ಹಿಂದೆ ಕುಳಿತು ಈ ಮೈಕನ್ನು ನಡೆಸುತ್ತಿರುವವರೊಬ್ಬರಿದ್ದಾರೆ. ಸ್ವಾಗತ ಕೋರಿದವರು ಅವರನ್ನು ನೆನೆಯಲಿಲ್ಲ. ಅವರು ನನ್ನ ಒಡಹುಟ್ಟಿದ ತಮ್ಮ. ಮೈಕಿನವರೇ, ನಿಮಗೂ ವಂದನೆಗಳು. ಧ್ವನಿಯನ್ನು ಸ್ವಲ್ಪ ಹೆಚ್ಚು ಮಾಡಬಹುದೇ?

ಕಡಿಮೆಯಾಯಿತು. ಇರಲಿ, ನಾನೇ ಗಂಟಲು ಏರಿಸುತ್ತೇನೆ.

ಈ ತಿಂಗಳ ಕೊನೆಗೆ ನನ್ನ ಸೀಡಿ ಅಂಗಡಿ ಮುಚ್ಚುತ್ತದೆ. ಸಿನಿಮಾಗಳೆಲ್ಲ ನಿಮ್ಮ ಫೋನಿನೊಳಗೇ ಬಂದು ಕುಳಿತ ಮೇಲೆ ನನ್ನ ಅಂಗಡಿಯಲ್ಲಿ ಉಳಿದದ್ದು ಧೂಳು ಮತ್ತು ನಾನು. ಅದಕ್ಕಾಗಿ ಈ ಸನ್ಮಾನ. ಹೂಗುಚ್ಛ ಕೊಟ್ಟಿರಿ, ಗಾಜಿನ ಸ್ಮರಣಿಕೆ ಕೊಟ್ಟಿರಿ. ಸ್ಮರಣಿಕೆ ಸಿನಿಮಾ ರೀಲಿನ ಆಕಾರದಲ್ಲಿದೆ ಎಂದು ಹೇಳಿದರು. ನಾನು ಟೇಬಲ್ ಫ್ಯಾನ್ ಅಂದುಕೊಂಡಿದ್ದೆ. ಅಧ್ಯಕ್ಷರು ನನ್ನ ಅಭಿರುಚಿಯನ್ನು ಹೊಗಳಿ ಅಟ್ಟಕ್ಕೇರಿಸಿದರು. ಅವರು ನನ್ನ ಅಂಗಡಿಯ ಕಡೆ ತಲೆ ಹಾಕಿ ವರ್ಷಗಳೇ ಆದವು. ಹಾಗಾಗಿ ಅವರ ಹೊಗಳಿಕೆಯಲ್ಲಿ ಕಲ್ಮಶವಿಲ್ಲ.

ಕಾರ್ಯದರ್ಶಿಗಳು ನನಗೊಂದು ವಿಷಯ ಕೊಟ್ಟಿದ್ದಾರೆ. ಇತ್ತೀಚಿನ ಸಿನಿಮಾಗಳಲ್ಲಿ ಯಾವುದನ್ನು ಬಾಡಿಗೆಗೆ ಒಯ್ಯಬೇಕು, ಯಾವುದನ್ನು ಬಿಡಬೇಕು ಎಂದು ಹೇಳಬೇಕಂತೆ. ಬಾಗಿಲು ಹಾಕುವವನ ಬಳಿ ಸರಕಿನ ಸಲಹೆ ಕೇಳುವುದು ನಮ್ಮ ಸಂಘಕ್ಕೇ ಹೊಳೆಯುವಂಥದ್ದು. ಆದರೂ ಹೇಳುತ್ತೇನೆ. ಹೇಳುವುದೇ ನನ್ನ ಕಸುಬು.

ನನ್ನ ಪದ್ಧತಿ ನಿಮಗೆ ಗೊತ್ತು. ಹೊಸ ಸೀಡಿ ಬಂದರೆ ನಾನು ಮೊದಲು ಅದರ ಕೊನೆಯ ಭಾಗ ನೋಡುತ್ತೇನೆ. ಕೊನೆ ಚೆನ್ನಾಗಿದ್ದರೆ ಮಾತ್ರ ಶುರುವಿನಿಂದ ನೋಡುತ್ತೇನೆ. ಆಮೇಲೆ ಡಬ್ಬಿಯ ಮೇಲೆ ಚೀಟಿ ಅಂಟಿಸುತ್ತೇನೆ. ಹಸಿರು ಚೀಟಿ ಎಂದರೆ ಒಯ್ಯಿರಿ, ಕೆಂಪು ಚೀಟಿ ಎಂದರೆ ಬಿಡಿ. ಈ ಪದ್ಧತಿ ನನ್ನದಲ್ಲ, ನಮ್ಮ ಅಮ್ಮನದು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಸಿನಿಮಾ ಹಾಕುವ ಮೊದಲೇ ಅವಳದೊಂದು ಮಾತು: "ಕೊನೆ ಏನಾಗತ್ತೆ, ಅದನ್ನ ಮೊದ್ಲು ಹೇಳ್ಬಿಡು. ಆಮೇಲೆ ನಿಶ್ಚಿಂತೆಯಿಂದ ನೋಡ್ತೀನಿ." ನಾನು ಹೇಳುತ್ತಿದ್ದೆ. ಅವಳು ನಿಶ್ಚಿಂತೆಯಿಂದ ನೋಡುತ್ತಿದ್ದಳು, ಗೊತ್ತಿದ್ದೂ ಗೊತ್ತಿದ್ದೂ ಅಳುತ್ತಿದ್ದಳು.

ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನನ್ನ ತಮ್ಮ, ಯಾರಾದರೂ ಕೊನೆಯ ಮಾತೆತ್ತಿದರೆ ದಿಂಬನ್ನು ಕಿವಿಗೆ ಒತ್ತಿಕೊಂಡು ಕೋಣೆಯಿಂದ ಓಡುತ್ತಿದ್ದ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರಲ್ಲ, ಆ ಪೋರ ಇವನೇ. ಹಸಿರು ಎಂದರೆ ಕೆಂಪು ಬೇಕು, ಬಾ ಎಂದರೆ ಹೋಗಬೇಕು. ಧ್ವನಿ ಹೆಚ್ಚು ಮಾಡು ಎಂದರೆ ಏನಾಯಿತು, ನೀವೇ ನೋಡಿದಿರಿ.

ಈಗ ವಿಷಯಕ್ಕೆ ಬರೋಣ. ಒಂದು ಪತ್ತೇದಾರಿ ಸಿನಿಮಾ ಬಂದಿದೆ. ದೊಡ್ಡ ಬಂಗಲೆ, ಕರೆಂಟು ಹೋಗುತ್ತದೆ, ಕರೆಂಟು ಬರುವಷ್ಟರಲ್ಲಿ ಯಜಮಾನರು ಇಲ್ಲ. ಬಿಡಿ. ಕೊಲೆಗಾರ ಯಾರೆಂದು ನಿಮಗೆ ಶುರುವಿನಲ್ಲೇ ತಿಳಿಯುತ್ತದೆ, ನಿಮ್ಮ ಪಕ್ಕದಲ್ಲಿ ತೂಕಡಿಸುವವರಿಗೂ ತಿಳಿಯುತ್ತದೆ, ಪತ್ತೇದಾರನೊಬ್ಬನಿಗೆ ಮಾತ್ರ ಕೊನೆಯವರೆಗೂ ತಿಳಿಯುವುದಿಲ್ಲ. ಇಂಥವನಿಗೆ ಕೆಲಸ ಕೊಟ್ಟವರಾರು? ಇನ್ನೊಂದು, ಕಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಸಿನಿಮಾ. ಇದನ್ನು ಅವಶ್ಯವಾಗಿ ಒಯ್ಯಿರಿ. ಮನೆಗೆ ಬಂದ ನೆಂಟರು ಎದ್ದು ಹೋಗುವ ಲಕ್ಷಣ ತೋರದಿದ್ದಾಗ ಹಾಕಿ, ಅರ್ಧ ಗಂಟೆಯಲ್ಲಿ ಚಪ್ಪಲಿ ಹುಡುಕುತ್ತಾರೆ.

ದೀಪಸ್ತಂಭದ ಕಾವಲುಗಾರನ ಸಿನಿಮಾ ಒಂದಿದೆ, ಬಹುಮಾನಗಳನ್ನು ಬಾಚಿಕೊಂಡದ್ದು. ಅದರಲ್ಲಿ ಏನೂ ನಡೆಯುವುದಿಲ್ಲ. ಅವನು ದೀಪ ಒರೆಸುತ್ತಾನೆ, ದೂರದಲ್ಲಿ ಹಡಗು ಹೋಗುತ್ತದೆ, ಮತ್ತೆ ದೀಪ ಒರೆಸುತ್ತಾನೆ. ನಿದ್ದೆ ಬಾರದವರು ಒಯ್ಯಿರಿ ಎಂದು ನಗೆಯಾಡಲು ಯೋಚಿಸಿದ್ದೆ. ಆದರೆ ಸುಳ್ಳು ಹೇಳಲಾರೆ. ಕೊನೆಯಲ್ಲಿ ಅವನು, ತನ್ನನ್ನು ಯಾರೂ ನೋಡುತ್ತಿಲ್ಲ ಎಂದು ಗೊತ್ತಿದ್ದೂ, ಹಡಗಿಗೆ ಕೈ ಬೀಸುತ್ತಾನೆ. ಅದನ್ನು ನಾನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ. ಒಯ್ಯಿರಿ.

ಆಸ್ಪತ್ರೆಯ ಸಿನಿಮಾ ಇದೆಯಲ್ಲ, ಹೋದ ತಿಂಗಳು ಬಂದದ್ದು, ಅದನ್ನು ಮುಟ್ಟಬೇಡಿ. ಡಾಕ್ಟರು ಮಗನನ್ನು ಹೊರಗೆ ಕರೆದು ವಿಷಯ ಹೇಳುತ್ತಾರೆ. ಮಗ ಕಣ್ಣು ಒರೆಸಿಕೊಂಡು ಒಳಗೆ ಹೋಗಿ, ಏನೂ ಇಲ್ಲಮ್ಮ, ನಾಳೆ ಮನೆಗೆ ಹೋಗೋಣ ಎನ್ನುತ್ತಾನೆ. ತಾಯಿ ನಂಬಿಬಿಡುತ್ತಾಳೆ. ಹಿನ್ನೆಲೆಯಲ್ಲಿ ಪಿಟೀಲು. ಸಭಿಕರೇ, ಹೆತ್ತವಳಿಗೆ ಮಗನ ಮುಖ ಓದಲು ಬರುವುದಿಲ್ಲವೇ? ಯಾವ ತಾಯಿ ಹಾಗೆ ನಂಬಿದ್ದಾಳೆ?

ನಮ್ಮಲ್ಲಿ ಹಾಗಾಗಲಿಲ್ಲ. ಡಾಕ್ಟರು ವರದಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟು ಹೋದಾಗ ನನ್ನ ತಮ್ಮ ನನ್ನ ತೋಳು ಹಿಡಿದುಕೊಂಡ. "ಅಣ್ಣಾ, ಅಮ್ಮಂಗೆ ಹೇಳ್ಬೇಡ. ಗೊತ್ತಿಲ್ದೆ ಇದ್ರೆ ಇರೋಷ್ಟು ದಿನ ನಗ್ತಾ ಇರ್ತಾಳೆ" ಎಂದ. ಆಯಿತು ಎಂದು ಒಳಗೆ ಹೋದೆ. ಅಮ್ಮ ದಿಂಬಿಗೆ ಒರಗಿ ಕುಳಿತಿದ್ದಳು. ನನ್ನ ಮುಖವನ್ನೊಮ್ಮೆ ನೋಡಿದಳು. "ಕೊನೆ ಏನಂತೆ? ಹೇಳ್ಬಿಡು" ಎಂದಳು. ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಕೇಳುತ್ತಿದ್ದ ಅದೇ ಧ್ವನಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ಹೇಳಿದೆ. ಅಮ್ಮ, ಹಾಗಾದರೆ ಇನ್ನು ನಿಶ್ಚಿಂತೆಯಿಂದ ನೋಡುತ್ತೇನೆ ಎಂದಳು. ಉಳಿದ ತಿಂಗಳುಗಳಲ್ಲಿ ಅವಳು ನಕ್ಕಳು, ಅತ್ತಳು, ಸೊಸೆಗೆ ಬೈದಳು, ಹೊಸ ಸಿನಿಮಾ ಬಂದಿಲ್ಲವೇ ಎಂದು ನನ್ನನ್ನು ಕಾಡಿದಳು.

ನನ್ನ ತಮ್ಮ ಮಾತ್ರ ಅವಳ ಪಕ್ಕದಲ್ಲಿ ಕುಳಿತು ನಗಲು ಹೆಣಗಿದ. ಅವನು ಅವಳನ್ನು ನಗಿಸುವ ಮೊದಲೇ ನಾನು ಕೊನೆ ಹೇಳಿಬಿಟ್ಟಿದ್ದೆ. ಅಮ್ಮ ಹೋದ ದಿನ, ಮನೆಯ ಮೆಟ್ಟಿಲ ಮೇಲೆ ನಿಂತು, "ಅಮ್ಮನ್ನೂ ಸೀಡಿ ಅಂದ್ಕೊಂಡ್ಯಾ ನೀನು?" ಎಂದ. ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಮೈಕು ಯಾಕೋ ಕೀ ಎನ್ನುತ್ತಿದೆ. ತಂತಿ ಸಡಿಲವಾಗಿರಬೇಕು.

ಹೇಳಿದ್ದು ಸರಿ ಎಂದೇ ನಾನು ಇಂದಿಗೂ ಅನ್ನುತ್ತೇನೆ. ಸರಿಯಿದ್ದವನ ಮನೆಯಲ್ಲಿ ಮಾತಾಡಲು ಜನರಿಲ್ಲ ಎಂಬುದು ಬೇರೆ ವಿಷಯ.

ನಾನು ಏನು ಹೇಳುತ್ತಿದ್ದೆ? ಹೌದು, ಚೀಟಿಗಳು. ಅಧ್ಯಕ್ಷರು ನನ್ನ ಅಭಿರುಚಿಯನ್ನು ಹೊಗಳಿದಾಗ ಮೂರನೆಯ ಸಾಲಿನಲ್ಲಿ ಔಷಧಿ ಅಂಗಡಿಯವರು ಕೆಮ್ಮಿದ್ದನ್ನು ನಾನು ಗಮನಿಸಿದ್ದೇನೆ. ಅವರ ಕೆಮ್ಮಿಗೆ ಕಾರಣವಿದೆ. ಕೆಲವು ವರ್ಷಗಳಿಂದ ನನ್ನ ಹಸಿರು ಚೀಟಿ ನಂಬಿ ಒಯ್ದವರೆಲ್ಲ ತಲೆ ಚಚ್ಚಿಕೊಂಡು ಬರತೊಡಗಿದರು. ಕೆಂಪು ಚೀಟಿಯದನ್ನು ಅಪ್ಪಿತಪ್ಪಿ ಒಯ್ದವರು, ಇಷ್ಟು ಒಳ್ಳೆಯದನ್ನು ಬೇಡ ಎಂದಿದ್ದೀರಲ್ಲ ಎಂದು ಕೇಳಿದರು. ನನಗೆ ವಯಸ್ಸಾಯಿತು, ಬಣ್ಣ ಕಾಣುವುದಿಲ್ಲ ಎಂದು ಬಡಾವಣೆಯಲ್ಲಿ ಸುದ್ದಿಯಾಯಿತು. ಕನ್ನಡಕದ ಅಂಗಡಿಯವರು ಕರುಣೆಯಿಂದ ಬಂದು ನನ್ನ ಕಣ್ಣು ಪರೀಕ್ಷಿಸಿದರು. ಕಣ್ಣು ಚೆನ್ನಾಗಿಯೇ ಇತ್ತು.

ವಿಷಯ ಇಷ್ಟೇ. ಮಾತು ಬಿಟ್ಟ ಮೇಲೂ ನನ್ನ ತಮ್ಮ ಸಿನಿಮಾ ಬಿಡಲಿಲ್ಲ. ಶನಿವಾರ ಸಂಜೆ ಅವನ ಹೆಂಡತಿ ಅಂಗಡಿಗೆ ಬರುತ್ತಿದ್ದಳು. ಹಸಿರು ಚೀಟಿಯ ಕಡೆ ನೋಡುತ್ತಲೇ ಇರಲಿಲ್ಲ. "ಭಾವ, ತಪ್ಪು ತಿಳ್ಕೋಬೇಡಿ. ನೀವು ಬೇಡ ಅಂದದ್ದೇ ಅವರಿಗೆ ಬೇಕಂತೆ" ಎಂದು ಕೆಂಪು ಚೀಟಿಯದನ್ನು ಆರಿಸಿಕೊಂಡು ಹೋಗುತ್ತಿದ್ದಳು. ಹೀಗೆ ವಾರವಿಡೀ ಆಂಪ್ಲಿಫೈಯರ್ ಹೊತ್ತು ದಣಿದು ಬರುವವನು ಶನಿವಾರ ಬಂದರೆ ಇಡೀ ಅಂಗಡಿಯಲ್ಲೇ ಅತಿ ಕೆಟ್ಟ ಸಿನಿಮಾ ನೋಡಬೇಕೇ? ಕೆಂಪು ಚೀಟಿ ಇದ್ದರೆ ಮಾತ್ರ ಅದು ಆ ಮನೆಯ ಹೊಸಿಲು ದಾಟುತ್ತದೆ ಎಂದಾದರೆ, ಒಳ್ಳೆಯದಕ್ಕೆ ಕೆಂಪು, ಕೆಟ್ಟದ್ದಕ್ಕೆ ಹಸಿರು ಚೀಟಿ ಹಚ್ಚದೆ ನಾನು ಇನ್ನೇನು ಮಾಡಬೇಕಿತ್ತು? ಒಬ್ಬರ ಮನೆ ಸುಖವಾಗಿರಲೆಂದು ನೀವೆಲ್ಲ ಕೆಟ್ಟ ಸಿನಿಮಾ ನೋಡಿದಿರಿ. ನಿಮ್ಮ ತ್ಯಾಗ ದೊಡ್ಡದು. ಔಷಧಿ ಅಂಗಡಿಯವರೇ, ನಿಮ್ಮದು ಎಲ್ಲರಿಗಿಂತ ದೊಡ್ಡದು.

ಆದರೆ ತಿಂಗಳ ಕೊನೆಗೆ ಅಂಗಡಿ ಇರುವುದಿಲ್ಲ, ಚೀಟಿಯೂ ಇರುವುದಿಲ್ಲ. ಆಮೇಲೆ ಆ ಮನೆಗೆ ನಾನು ಏನನ್ನು, ಹೇಗೆ ಕಳಿಸಲಿ? ಈ ಯೋಚನೆಯಲ್ಲಿ ನನಗೆ ನಿದ್ದೆ ಕೆಟ್ಟಿದೆ. ದೀಪಸ್ತಂಭದ ಸಿನಿಮಾ ಹಾಕಿದರೂ ಬರಲಿಲ್ಲ.

ಕೊನೆಯದಾಗಿ ಒಂದೇ ಒಂದು ಸಿನಿಮಾ. ಒಬ್ಬ ಬಸ್ ಡ್ರೈವರನ ಕೆಲಸದ ಕಡೆಯ ದಿನ. ಬಸ್ಸಿನಲ್ಲಿ ಉಳಿದಿರುವುದು ಒಬ್ಬಳೇ ಮುದುಕಿ. ಎಲ್ಲಿ ಇಳಿಯಬೇಕು ಎಂದು ಕೇಳಿದರೆ ಅವಳು ನಗುತ್ತಾಳೆಯೇ ಹೊರತು ಹೇಳುವುದಿಲ್ಲ. ಅವಳು ಎಲ್ಲಿ ಇಳಿಯುತ್ತಾಳೆ? ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ಒಂದು ಸಿನಿಮಾವನ್ನು ಕೊನೆ ನೋಡದೆ ಶುರುವಿನಿಂದ ನೋಡತೊಡಗಿದೆ, ಅರ್ಧಕ್ಕೆ ನಿಲ್ಲಿಸಿದೆ. ಕೊನೆ ನೋಡಲು ಕೈ ಹೋಯಿತು, ಹಿಂದಕ್ಕೆ ಬಂತು. ಕೊನೆ ಗೊತ್ತಿಲ್ಲದೆ ಕೂರುವುದು ಹೇಗಿರುತ್ತದೆ ಎಂಬುದು ಆವತ್ತು ನನಗೆ ತಿಳಿಯಿತು. ಬಹಳ ಕಷ್ಟ, ಒಬ್ಬನೇ ಇದ್ದರಂತೂ ಇನ್ನೂ ಕಷ್ಟ.

ಹಾಗಾಗಿ ನನ್ನ ಕಡೆಯ ಸಲಹೆಯನ್ನು ದಯವಿಟ್ಟು ಗಮನವಿಟ್ಟು ಕೇಳಿ. ಈ ಸಿನಿಮಾಕ್ಕೆ ನನ್ನದು ಕೆಂಪು ಚೀಟಿ. ಯಾರೂ ನೋಡಕೂಡದು. ಅದರ ಸೀಡಿ ಅಂಗಡಿಯಲ್ಲಿಲ್ಲ, ನಮ್ಮ ಮನೆಯಲ್ಲಿದೆ. ಈ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ನಡುಮನೆಯಲ್ಲಿ ಅದನ್ನು ಮತ್ತೆ ಶುರುವಿನಿಂದ ಹಾಕುತ್ತೇನೆ. ಅಮ್ಮ ಕೂರುತ್ತಿದ್ದ ಸ್ಟೂಲನ್ನೂ ಅಂಗಡಿಯಿಂದ ತಂದಿಟ್ಟಿದ್ದೇನೆ. ಬಾಗಿಲು ತೆರೆದೇ ಇರುತ್ತದೆ. ಯಾರೂ ಬರಬೇಡಿ. ಕಿವಿಗೆ ಒತ್ತಿಕೊಳ್ಳಲು ದಿಂಬು ಹುಡುಕುವವರಂತೂ ಖಂಡಿತ ಬರಬೇಡಿ.

ನನ್ನನ್ನು ಸನ್ಮಾನಿಸಿದ ಸಂಘಕ್ಕೆ, ಕೊನೆಗೂ ಗಡಿಯಾರ ನೋಡುವುದನ್ನು ನಿಲ್ಲಿಸಿದ ಮುಖ್ಯ ಅತಿಥಿಗಳಿಗೆ, ನನ್ನ ಹಸಿರು ಚೀಟಿಯನ್ನು ಸಹಿಸಿಕೊಂಡ ನಿಮಗೆಲ್ಲರಿಗೂ ನಾನು ಋಣಿ... ಇದೇನು, ಧ್ವನಿ ಜೋರಾಯಿತಲ್ಲ? ಯಾರೂ ಕೇಳಿರಲಿಲ್ಲವಲ್ಲ.

ಸಾಕು, ತಮ್ಮಾ. ಇಷ್ಟು ಜೋರು ಬೇಡ.

ನೋಡಿದಿರಾ, ಬೇಡ ಎಂದ ಮೇಲೆ ಇನ್ನೂ ಜೋರು ಮಾಡಿದ. ಎಲ್ಲರಿಗೂ ನಮಸ್ಕಾರ.