ಕಡಲು ಮೇಲಿದ್ದ ನಕ್ಷೆ

ಕಾಪುವಿನಲ್ಲಿ ಮಳೆ ಹಿಡಿದರೆ ಮೊದಲು ಹೋಗುವುದು ಕರೆಂಟು, ಆಮೇಲೆ ನೆಟ್‌ವರ್ಕು. ಮರುದಿನ ಮಣಿಪಾಲದಲ್ಲಿ ಹಳೇ ನಕ್ಷೆಗಳ ಸೆಮಿನಾರ್ ಇದ್ದ ಮೋಕ್ಷಾಳಿಗೆ ಆ ಸಂಜೆ ಎರಡೂ ಕೈಕೊಟ್ಟಿದ್ದವು. ಮೊಬೈಲಿನಲ್ಲಿ ಉಳಿದಿದ್ದ ಹಳೇ ನಕ್ಷೆಯೊಂದನ್ನು ಜಗಲಿಯಲ್ಲಿ ಕೂತಿದ್ದ ಅಣ್ಣು ಅಜ್ಜನಿಗೂ ಅವನ ಮಗಳು ಪ್ರಫುಲ್ಲಾ ಅತ್ತೆಗೂ ತೋರಿಸಿದಳು.

"ಚೀನಾದವರು ಕಡಲ್ಗಳ್ಳರನ್ನು ತಡೀಲಿಕ್ಕೆ ಮಾಡಿದ್ದು ಅಜ್ಜ. ನೋಡಿ, ಕಡಲು ಮೇಲೆ, ನೆಲ ಕೆಳಗೆ. ಕಳ್ಳ ಬರುವ ಕಡೆಗೇ ಮುಖ."

"ಫೋನ್ ಉಲ್ಟಾ ಹಿಡಿದಿದ್ದೀಯಾ ನೋಡು ಮಾರಾಯ್ತಿ!" ಅತ್ತೆ ನಕ್ಕಳು.

ಅಜ್ಜ ನಗಲಿಲ್ಲ.

"ಮೀನು ಹಿಡೀತಿದ್ದ ನನ್ನ ದೋಸ್ತಿ ಜೋನ್ ಸಹ ಹೀಗೇ ಬರೆದದ್ದು... ಆಗ ಕಳ್ಳಮಾಲಿನ ದೋಣಿ ಇಲ್ಲೇ ಬಂದು ತಾಗ್ತಿತ್ತು, ಎಲ್ಲಿ ಅಂತ ಪೊಲೀಸಿಗೆ ತೋರಿಸುವ ಧೈರ್ಯ ಇಡೀ ಊರಲ್ಲಿ ಇದ್ದದ್ದು ಅವನೊಬ್ಬನಿಗೇ. ಸಿಗರೇಟು ಪ್ಯಾಕಿನ ಹಿಂದೆ ಒಂದು ಗೆರೆ ಎಳೆದ, ಅದು ದಡ. ನಡುವೆ ಚುಕ್ಕೆ, ಅದು ದೀಪಸ್ತಂಭ. ಬಲಕ್ಕೊಂದು ಇಂಟು ಮಾರ್ಕು, ಅದು ದೋಣಿ ತಾಗುವ ಜಾಗ. ಅಕ್ಷರ ಬರ್ತದಾ ಅವನಿಗೆ? ದಿನಾ ಕಡಲಿಗೆ ಮುಖ ಮಾಡಿ ನಿಲ್ಲುವವನಿಗೆ ಮೇಲೆ ಅಂದ್ರೆ ಕಡಲೇ ಅಲ್ವಾ? 'ನೀನು ಕೊಟ್ಟು ಬಾ ಅಣ್ಣು, ನಾನು ಅಲ್ಲೇ ಟಾರ್ಚ್ ಹಿಡಿದು ನಿಲ್ತೇನೆ' ಅಂದ. ಪೊಲೀಸ್ ಸಾಹೇಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, 'ಮೇಲೆ ಯಾವುದಾ?' ಅಂತ ಕೇಳಿದರು. ನಮ್ಮ ಬಾಯಲ್ಲಿ ಮೇಲೆ ಅಂದ್ರೆ ಎಂತ? ಘಟ್ಟ... ಅದನ್ನೇ ಹೇಳಿಬಿಟ್ಟೆ. ನಕ್ಷೆ ತಲೆಕೆಳಗಾಗಿ ಬಡಗಿನ ಗುರುತು ತೆಂಕಿನದ್ದಾಯ್ತು. ಜೀಪು ತೆಂಕಿಗೆ ಹೋಯ್ತು. ಜೋನ್ ಬಡಗಿನಲ್ಲಿ ಒಬ್ಬನೇ..."

ಮಾಡಿನ ನೀರು ಸುರಿಯುತ್ತಲೇ ಇತ್ತು.

"ಮೂರನೇ ದಿನ ಕಡಲು ಅವನನ್ನು ತಂದು ಹಾಕಿತು. ಕಳ್ಳರ ಕಡೆಯವ, ಬೇಕಂತಲೇ ಸುಳ್ಳು ನಕ್ಷೆ ಕೊಟ್ಟ ಅಂದರು. ಊರು ಹೌದು ಅಂದಿತು. ಅವನ ಹೆಂಡತಿ ಪ್ಯಾಟ್ರಿಶಿಯಾ ಬಾಯಿ ಊರವರ ಮಾತು ಕೇಳಲಾರದೆ ಊರೇ ಬಿಟ್ಟಳು. ನಾನು ಹೇಳಬಹುದಿತ್ತಲ್ಲ? ಘಟ್ಟ ಅಂತ ಹೇಳಿದ ಬಾಯಿ... ಮತ್ತೆ ತೆರೆಯಲಿಲ್ಲ."

"ನಮಗೂ ಹೇಳಲಿಲ್ಲವಲ್ಲ ಅಪ್ಪ!" ಎಂದಳು ಅತ್ತೆ.

"ಪ್ರಫುಲ್ಲಾ, ನಿನ್ನ ಶಾಲೆಯ ನಕ್ಷೆ ನಮ್ಮ ಮನೆ ಗೋಡೆಯಲ್ಲಿ ಅಡ್ಡ ತಿರುಗಿ ನಿಲ್ತಿತ್ತಲ್ಲ, ಕಡಲು ಮೇಲಾಗಿ? ಗಾಳಿ ಅಂದೆ ನಾನು. ಗಾಳಿಯಾ ಅದು?"

ಮೋಕ್ಷಾ ಕಿಸಕ್ಕನೆ ನಕ್ಕು, ಫೋನಿನಲ್ಲಿ ಮೊದಲೇ ಇಳಿಸಿಟ್ಟಿದ್ದ ಕಾಪುವಿನ ನಕ್ಷೆ ತೆರೆದು ನೆಲದ ಮೇಲಿಟ್ಟಳು. ಕಡಲು ಎಡಕ್ಕಿತ್ತು. "ನೋಡಿ, ಎಂತ ಸಹ ಇಲ್ಲ."

ಯಾರೂ ಮುಟ್ಟಲಿಲ್ಲ. ನಕ್ಷೆ ನಿಧಾನಕ್ಕೆ ತಿರುಗಿತು... ಕಡಲು ಮೇಲೆ ಬಂದು ನಿಂತಿತು.

"ಹೌದು ಜೋನ್, ಕಡಲೇ ಮೇಲೆ," ಎಂದ ಅಜ್ಜ, ಮಳೆಯ ಕಡೆ ನೋಡುತ್ತ. ಆಮೇಲೆ ಮೊಮ್ಮಗಳ ಕಡೆ ತಿರುಗಿದ. "ದಿನಾ ಹೇಳ್ತೇನೆ. ಅವನಿಗೆ ಹೇಳಿದ್ರೆ ಸಾಲದಂತೆ, ಊರಿಗೆ ಹೇಳಬೇಕಂತೆ. ಇಷ್ಟು ವರ್ಷ ನನ್ನೊಬ್ಬನ ಹತ್ರವೇ ಕೇಳ್ತಿದ್ದ ಮಗಾ... ಈಗ ನಿನಗೂ ಗೊತ್ತುಂಟಲ್ಲ."