ಹಿಟ್ಟು ಬೀಸಿಸಿದ ಸಾಹುಕಾರ

ಒಬ್ಬ ಸಾಹುಕಾರನ ಕಥೆ ಹೇಳುತ್ತೇನೆ, ಕೇಳಿ. ಯಾವ ಊರು ಅಂತ ಮಾತ್ರ ಕೇಳಬೇಡಿ. ಹೇಳಿದರೆ ಈ ಸಭೆಯಲ್ಲೇ ಅವನ ಬೀಗರು ಯಾರಾದರೂ ಎದ್ದು ನಿಂತಾರು!

ದೊಡ್ಡ ಶ್ರೀಮಂತ. ಕೊಡುವ ಕೈಯೂ ದೊಡ್ಡದೇ, ಸುಳ್ಳು ಹೇಳಬಾರದು. ಆದರೆ ಕೊಟ್ಟ ಕಡೆಯಲ್ಲೆಲ್ಲ ಹೆಸರು ಇರಬೇಕು. ನಗಬೇಡಿ, ತಲೆಯೆತ್ತಿ ಈ ಮಂಟಪದ ಫ್ಯಾನು ನೋಡಿ. ಮೂರು ರೆಕ್ಕೆ, ಮೂವರು ಅಣ್ಣತಮ್ಮಂದಿರ ಹೆಸರು. ತಿರುಗುವಾಗ ಒಂದೂ ಓದಲು ಬರುವುದಿಲ್ಲ. ಪಾಪ, ಆ ಮೂವರೂ ಕರೆಂಟ್ ಯಾವಾಗ ಹೋದೀತು ಅಂತ ಕಾಯುತ್ತ ಕೂತಿರುತ್ತಾರೆ.

ಅದೇ ಊರಲ್ಲಿ ಒಬ್ಬ ಅಕ್ಕ ಇದ್ದಳು. ಮನಸ್ಸು ನೊಂದವರಿಗೆ, ನಿದ್ದೆ ಬಾರದವರಿಗೆ, ಕಾರಣವಿಲ್ಲದೆ ಅಳು ಬರುವವರಿಗೆ ಅಂತ ಒಂದು ಸಣ್ಣ ಸಂಸ್ಥೆ ನಡೆಸುತ್ತಿದ್ದಳು. ಗುರುವಾರಕ್ಕೊಮ್ಮೆ ಪಟ್ಟಣದಿಂದ ಡಾಕ್ಟರು ಬರುತ್ತಿದ್ದರು. ಉಳಿದ ದಿನ ಅಕ್ಕನೇ ಕೂತು ಎಲ್ಲರ ಮಾತು ಕೇಳುತ್ತಿದ್ದಳು. ಸಾಹುಕಾರ ಅದಕ್ಕೆ ವರ್ಷದ ಅನುದಾನ ಕೊಟ್ಟ. ಕೊಡುವಾಗ ಷರತ್ತು ಹಾಕಿದ. ಬಾಗಿಲ ಮೇಲೆ ತನ್ನ ಹೆಸರಿನ ಜೊತೆ 'ಮಾನಸಿಕ ರೋಗಿಗಳ ಕೇಂದ್ರ' ಅಂತ ದೊಡ್ಡ ಬೋರ್ಡು ಇರಬೇಕು, ಬಂದವರೆಲ್ಲ ಪುಸ್ತಕದಲ್ಲಿ ಸಹಿ ಮಾಡಬೇಕು, ಮೂರು ತಿಂಗಳಿಗೊಮ್ಮೆ ತನಗೆ ವರದಿ ಬರಬೇಕು.

ಮೊದಲ ವರದಿ ಬಂತು. ಬಂದವರು ಏಳು ಮಂದಿ. ಅವರಲ್ಲಿ ನಾಲ್ವರು ರೇಷನ್ ಕಾರ್ಡಿನ ಆಫೀಸು ಎಲ್ಲಿ ಅಂತ ವಿಚಾರಿಸಲು ಬಂದವರು! ನೀವೇ ಹೇಳಿ, ಹಾಡಹಗಲೇ ಅಂಥ ಬೋರ್ಡಿನ ಕೆಳಗೆ ಯಾರು ಕಾಲಿಡುತ್ತಾರೆ? ಎದುರಿಗೆ ಚಹಾದಂಗಡಿ, ಪಕ್ಕದಲ್ಲಿ ಕ್ಷೌರದಂಗಡಿ. ಒಳಗೆ ಹೋದವರು ಹೊರಗೆ ಬರುವಷ್ಟರಲ್ಲಿ ಸುದ್ದಿ ಮನೆ ಮುಟ್ಟಿರುತ್ತದೆ.

ಎರಡನೆಯ ವರದಿ ಬಂತು. ಬಂದವರು ಅರವತ್ತು! ಸಾಹುಕಾರ ಹಿಗ್ಗಿದ. ಹಿಗ್ಗುತ್ತಲೇ ಮುಂದಿನ ಸಾಲು ಓದಿದ. 'ಬೋರ್ಡು ಇಳಿಸಿದ್ದೇವೆ. ಸಹಿ ತೆಗೆದುಕೊಳ್ಳುವುದನ್ನು ಬಿಟ್ಟಿದ್ದೇವೆ. ಒಂದು ಹಳೆಯ ಹಿಟ್ಟಿನ ಗಿರಣಿ ಕೊಂಡಿದ್ದೇವೆ. ತಮಗೆ ಒಪ್ಪಿಗೆಯಾಗದಿದ್ದರೆ ದಯವಿಟ್ಟು ಒಮ್ಮೆ ಬಂದು ನೋಡಿ.' ಅವನ ಪಿತ್ತ ನೆತ್ತಿಗೇರಿತು. ಮನಸ್ಸಿಗೆ ಅಂತ ಕೊಟ್ಟರೆ ಗಿರಣಿಯೇ? ಇವತ್ತೇ ಅನುದಾನ ನಿಲ್ಲಿಸಿ ಬರುತ್ತೇನೆ ಅಂತ ಹೊರಟ.

ಹೋಗಿ ನೋಡಿದರೆ ಮುಂದಿನ ಕೋಣೆಯಲ್ಲಿ ಗಿರಣಿ ಧಡಧಡ ಅನ್ನುತ್ತಿದೆ. ಜೋಳ, ಗೋಧಿ ತಂದವರು ಪಾಳಿ ಹಿಡಿದು ಕೂತಿದ್ದಾರೆ. ನಡುನಡುವೆ ಒಬ್ಬೊಬ್ಬರು ಚೀಲ ಅಲ್ಲೇ ಬಿಟ್ಟು ಹಿಂದಿನ ಕೋಣೆಗೆ ಹೋಗುತ್ತಾರೆ, ಕಣ್ಣೊರೆಸಿಕೊಂಡು ಬರುತ್ತಾರೆ. ಕೇಳಿದರೆ ಹಿಟ್ಟಿನ ಧೂಳು ಅಂದರಾಯಿತು. ಗಿರಣಿಗೆ ಯಾಕೆ ಹೋಗಿದ್ದೆ ಅಂತ ಯಾವ ಅತ್ತೆ ಸೊಸೆಯನ್ನು ಕೇಳುತ್ತಾಳೆ? ಆ ಸದ್ದಿನಲ್ಲಿ ಒಳಗಿನ ಮಾತು ಹೊರಗೆ ಯಾರ ಕಿವಿಗೆ ಬೀಳುತ್ತದೆ? ನೋಡಿ ಅಕ್ಕನ ಜಾಣತನ!

ಸಾಹುಕಾರನಿಗೆ ಇದಿನ್ನೂ ಹೊಳೆದಿರಲಿಲ್ಲ. ಬೆಂಚಿನ ಮೇಲೆ ಕೂತ. ಆಗ ಎಳೆಯ ಬಾಣಂತಿಯೊಬ್ಬಳು ಗಿರಣಿಯವನ ಮುಂದೆ ಚೀಲ ಬಿಚ್ಚಿದಳು. ಚೀಲದಲ್ಲಿ ಏನಿತ್ತು? ಹಿಟ್ಟು. ಆಗಲೇ ಬೀಸಿದ ನುಣ್ಣನೆಯ ಜೋಳದ ಹಿಟ್ಟು. ಗಿರಣಿಯವ ಏನೂ ಅನ್ನದೆ ಎತ್ತಿ ಸುರಿಯಲು ಹೋದ.

ಸಾಹುಕಾರ ಗಹಗಹಿಸಿ ನಕ್ಕ. "ಏ ತಂಗೀ, ಹಿಟ್ಟು ಯಾರರ ಬೀಸ್ತಾರೇನು? ತಲಿ ಕೆಟ್ಟೈತೇನು ನಿನಗ?"

ಪಾಳಿಯಲ್ಲಿದ್ದವರೂ ನಕ್ಕರು. ಅವರೇನು ಕೆಟ್ಟವರಲ್ಲ, ದೊಡ್ಡವರು ನಕ್ಕಾಗ ನಗುವುದು ರೂಢಿ. ಹುಡುಗಿ ಚೀಲ ಅಲ್ಲೇ ಬಿಟ್ಟು ಹೊರಟುಹೋದಳು. ಗಿರಣಿಯವ ಗಿರಣಿ ನಿಲ್ಲಿಸಿಬಿಟ್ಟ.

ಸದ್ದು ನಿಂತದ್ದು ಕೇಳಿ ಅಕ್ಕ ಹೊರಗೆ ಬಂದಳು. ಏನಾಯಿತು ಅಂತ ಗಿರಣಿಯವನಿಂದ ತಿಳಿದುಕೊಂಡು ಸಾಹುಕಾರನನ್ನು ಒಳಗೆ ಕರೆದಳು.

"ಆಕಿಗೇನಾಗೈತಿ?" ಅಂತ ಅವನು ಕೇಳಿದ.

"ಅದನ್ನ ನಾ ಯಾರಿಗೂ ಹೇಳಂಗಿಲ್ರಿ, ನಿಮಗೂ ಹೇಳಂಗಿಲ್ಲ. ಇಷ್ಟ ಹೇಳ್ತೀನಿ. ಆಕಿ ಮನ್ಯಾಗ ಬೀಸೋ ಜ್ವಾಳ ತೀರಿ ಹನ್ನೆರಡು ದಿನಾ ಆತು. ಇಲ್ಲಿಗೆ ಬರಾಕ ಬ್ಯಾರೆ ನೆವ ಇಲ್ಲ. ಅದಕ್ಕ ಅದ ಹಿಟ್ಟು ದಿನಾ ಹೊತ್ಕೊಂಡು ಬರ್ತಾಳ. ಇವತ್ತ ಡಾಕ್ಟರಿಗೆ ತೋರಸ್ಕೋತೀನಿ ಅಂತ ನಿನ್ನೆ ಮೊದಲನೇ ಸಲ ಬಾಯಿ ಬಿಟ್ಟಿದ್ಲು. ಇನ್ನ ಬರ್ತಾಳೋ ಇಲ್ಲೋ, ನನಗ ಅಂಜಿಕಿ ಆಗೇತ್ರಿ."

"ನಾ ಅವರ ಮನಿಗೆ ಹೋಗಿ ತಪ್ಪಾತು ಅಂತೀನಿ."

"ನಿಮ್ಮ ಕಾರು ಅವರ ಮನಿ ಮುಂದ ನಿಂತರ ಓಣಿಗೆಲ್ಲ ಗೊತ್ತಾಗ್ತೈತ್ರಿ."

"ಹಂಗಾರ ಎಷ್ಟರ ಖರ್ಚಾಗ್ಲಿ, ದೊಡ್ಡ ಡಾಕ್ಟರನ್ನ ಕರಸ್ತೀನಿ."

"ಬಂದು ಯಾರನ್ನ ನೋಡ್ಬೇಕ್ರಿ ಅವ್ರು, ನನ್ನನ್ನ?"

ಜನ್ಮದಲ್ಲಿ ಮೊದಲ ಸಲ ಆ ಮನುಷ್ಯನ ದುಡ್ಡು ಕೆಲಸಕ್ಕೆ ಬರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತ, ರೊಟ್ಟಿ ಮುರಿದ, ಬಾಯಿಗೆ ಹೋಗಲಿಲ್ಲ. ನನಗೆ ಅವನ ಮೇಲೆ ಪ್ರೀತಿ ಹುಟ್ಟುವುದು ಇಲ್ಲಿಂದ.

ಮರುದಿನ ಮುಂಜಾನೆ ಏನು ಮಾಡಿದ? ಅಡುಗೆಮನೆಯ ಡಬ್ಬಿಯಿಂದ ಹಿಟ್ಟು ತುಂಬಿಕೊಂಡ. ಚೀಲ ಹೆಗಲಿಗೇರಿಸಿ, ಪೇಟೆಯ ನಟ್ಟನಡುವೆ ನಡೆದುಕೊಂಡೇ ಗಿರಣಿಗೆ ಬಂದು ಪಾಳಿಯಲ್ಲಿ ಕೂತ.

"ಸಾಹುಕಾರ್ರ, ಜ್ವಾಳ ತಂದೀರೇನ್ರಿ?" ಅಂತ ಪಾಳಿಯಲ್ಲಿದ್ದ ಒಬ್ಬ ಕೇಳಿದ.

"ಇಲ್ಲ, ಹಿಟ್ಟು. ಬೀಸಾಕ ತಂದೀನಿ."

ದಿನಾಲೂ ಬಂದ. ಅದೇ ಹಿಟ್ಟು ತಂದ. ಸಾಹುಕಾರನಿಗೆ ತಲೆ ಕೆಟ್ಟಿದೆ ಅಂತ ಊರು ಆಡಿಕೊಂಡಿತು, ಆಡಿಕೊಳ್ಳಲಿ ಅಂತ ಬಿಟ್ಟ. ಹೆಂಡತಿ ಗಾಬರಿಯಾಗಿ ಹರಕೆ ಹೊತ್ತಳು. ನಾಲ್ಕನೆಯ ದಿನ ಒಬ್ಬ ಮುದುಕಿ, "ಸಾಹುಕಾರ್ರದು ಬೀಸಿದ್ರ ನಂದ್ಯಾಕ ಬೀಸಬಾರ್ದು?" ಅಂತ ತಾನೂ ಹಿಟ್ಟೇ ತಂದಳು. ಆಮೇಲೆ ಇನ್ನಿಬ್ಬರು ತಂದರು. ಹಿಟ್ಟು ತಂದವರನ್ನು ನೋಡಿ ನಗುವುದು ಆ ಗಿರಣಿಯಲ್ಲಿ ನಿಂತೇ ಹೋಯಿತು.

ಗುರುವಾರ ಬಂತು. ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು, ಕೈಯಲ್ಲಿ ಒಂದು ಸಣ್ಣ ಡಬ್ಬಿ. ಸಾಹುಕಾರ ಅವಳ ಮುಖ ನೋಡಲಿಲ್ಲ. ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟ, ಅಷ್ಟೇ. ಅವಳು ತುದಿಯಲ್ಲಿ ಕೂತಳು. ಅವನ ಚೀಲದ ಕಡೆ ನೋಡಿ ಕೇಳಿದಳು, "ನಿಮ್ಮದೂ ಹಿಟ್ಟೇನ್ರಿ?"

"ಹೂನವ್ವಾ. ಏಳನೇ ಸಲ. ಇನ್ನೂ ಸಮಾಧಾನ ಆಗವಲ್ದು."

ಹುಡುಗಿ ಸಣ್ಣಗೆ ನಕ್ಕಳು. ಡಬ್ಬಿಯನ್ನು ಅವನ ಪಕ್ಕಕ್ಕಿಟ್ಟು, "ನನ್ನ ಪಾಳಿ ಸ್ವಲ್ಪ ನೋಡ್ಕೋರಿ" ಅಂದು, ಎದ್ದು ಹಿಂದಿನ ಕೋಣೆಗೆ ಹೋದಳು. ಸಾಹುಕಾರ ಎರಡೂ ಕೈಯಲ್ಲಿ ಆ ಡಬ್ಬಿ ಹಿಡಿದುಕೊಂಡು ಅತ್ತುಬಿಟ್ಟ.

ಅನುದಾನ ನಿಲ್ಲಲಿಲ್ಲ. ಮುಂದಿನ ವರ್ಷದ ಪತ್ರದಲ್ಲಿ ಬೋರ್ಡಿನ ಷರತ್ತೂ ಇರಲಿಲ್ಲ, ಸಹಿಯ ಷರತ್ತೂ ಇರಲಿಲ್ಲ. ಗಿರಣಿಯ ಮೇಲಾದರೂ ಸಣ್ಣ ಅಕ್ಷರದಲ್ಲಿ ಹೆಸರು ಬರೆಸಬಹುದೇ ಅಂತ ಒಂದು ಸಲ ಕೇಳಿದನಂತೆ. ಇರಲಿ ಬಿಡಿ, ಮನುಷ್ಯ ತಾನೆ!

ಈಗ ನಿಮ್ಮ ಕಡೆ ಬರುತ್ತೇನೆ. ತಪ್ಪಿಸಿಕೊಳ್ಳಲು ನೋಡಬೇಡಿ, ಬಾಗಿಲ ಹತ್ತಿರ ಕೂತವರೂ ಸೇರಿ. ಹೇಳಿದ್ದನ್ನೇ ಹೇಳುವುದಕ್ಕೆ ನಮ್ಮ ಪಂಡಿತರು ಪಿಷ್ಟಪೇಷಣ ಅನ್ನುತ್ತಾರೆ. ಅಂದರೆ ಹಿಟ್ಟನ್ನೇ ಮತ್ತೆ ಬೀಸುವುದು, ದಂಡದ ಕೆಲಸ. ನಾನೂ ಹಾಗೇ ತಿಳಿದಿದ್ದೆ. ನನ್ನ ಸ್ವಂತ ತಮ್ಮ, ಅವನ ಅಂಗಡಿ ಮುಚ್ಚಿದ ದಿನದ ಮಾತನ್ನು ನನ್ನೆದುರು ಹತ್ತು ಸಲ ಹೇಳಿದ. ಹನ್ನೊಂದನೆಯ ಸಲ ನಾನು, "ಅದನ್ನ ಆಗಲೇ ಹೇಳೀಯಲ್ಲೋ" ಅಂದೆ. ಅವತ್ತಿನಿಂದ ಅವನು ನನ್ನ ಹತ್ತಿರ ಬಿಸಿಲು ಹೆಚ್ಚಾಯಿತು, ಮಳೆ ಕಡಿಮೆಯಾಯಿತು, ಇಷ್ಟೇ ಮಾತಾಡುತ್ತಾನೆ. ನಾನು ಇಷ್ಟು ಊರಿಗೆ ಪ್ರವಚನ ಹೇಳುತ್ತೇನೆ, ನನ್ನ ತಮ್ಮ ನನ್ನೆದುರು ಬಾಯಿ ಬಿಡುವುದಿಲ್ಲ!

ನಿಮ್ಮ ಮನೆಯಲ್ಲೂ ಅಂಥವರಿದ್ದಾರೆ. ಒಂದೇ ನೋವನ್ನು ದಿನಾ ಹೊತ್ತು ತರುತ್ತಾರೆ, ನಿಮ್ಮ ಹತ್ತಿರ ಕೂರಲು ಅವರಿಗೆ ಬೇರೆ ನೆವವಿಲ್ಲ. ಅವರಿಗೆ 'ತಲಿ ಕೆಟ್ಟೈತೇನು' ಅನ್ನಬೇಡಿ, ತಮಾಷೆಗೂ ಅನ್ನಬೇಡಿ. ಕೈಯಲ್ಲಿನ ಫೋನು ಕೆಳಗಿಡಿ, ಟಿವಿ ಬಂದ್ ಮಾಡಿ, "ಹಾಂ, ಆಮ್ಯಾಲೆ?" ಅನ್ನಿ. ನಾಳೆ ಮತ್ತೆ ಅದನ್ನೇ ಹೇಳಿದರೆ ನಾಳೆಯೂ ಅನ್ನಿ. ಡಾಕ್ಟರಿಗೆ ತೋರಿಸಿಕೊಳ್ಳುತ್ತೇನೆ ಅಂದರೆ ಜೊತೆಗೆ ಹೋಗಿ. ನಿಮಗಷ್ಟೇ ಹೇಳಿ ನಾನು ಸುಮ್ಮನೆ ಕೂರುವವನಲ್ಲ. ನಾಳೆ ಮುಂಜಾನೆಯ ಬಸ್ಸಿಗೆ ತಮ್ಮನ ಊರಿಗೆ ಹೋಗುತ್ತಿದ್ದೇನೆ. ಅಂಗಡಿ ಮುಚ್ಚಿದ ದಿನ ಏನಾಯಿತು, ಇನ್ನೊಂದು ಸಲ ಹೇಳೋ ತಮ್ಮಾ ಅಂತ ಕೇಳುತ್ತೇನೆ.