ಮರ್ಯಮ್ ಬೀಬಿಯ ಹೆರಿಗೆ

ಹೆರಿಗೆ ನೋವು ತಗ್ಗಿಸುವ ಸೂಜಿಗೆ ನಾಲ್ಕು ಸಾವಿರ, ಕೊಡುವ ವೈದ್ಯರಿಗೆ ಇನ್ನೆರಡು. ಜೊತೆಗೆ ಗಂಡನದೊಂದು ಸಹಿ. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಬೀಗಿತ್ತಿಯರಿಬ್ಬರ ಜಗಳ ಆ ಸಹಿಯದು. ಒಳಗೆ ಹುಡುಗಿ ಬೆಳಗಿನಿಂದ ಚೀರುತ್ತಿದ್ದಳು. ಗಂಡ ಮೆಟ್ಟಿಲ ಬಳಿ ನಿಂತಿದ್ದ. ಅಮ್ಮ ಹೂಂ ಅನ್ನದೆ ಪೆನ್ನು ಮುಟ್ಟುವವನಲ್ಲ.

“ದುಡ್ಡು ನಾನು ತಂದಿದ್ದೀನಿ. ಮಗನಿಗೆ ಸಹಿ ಹಾಕು ಅನ್ನಿ,” ಎಂದರು ಹುಡುಗಿಯ ತಾಯಿ.

“ದುಡ್ಡಿನ ಮಾತಲ್ಲ, ಈಮಾನಿನ ಮಾತು, ನಂಬಿಕೆಯ ಮಾತು,” ಎಂದರು ಅತ್ತೆ. “ಮರ್ಯಮ್ ಬೀಬಿ ಈಸಾ ಪೈಗಂಬರರನ್ನ ಖರ್ಜೂರದ ಮರದ ಕೆಳಗೆ ಒಬ್ಬರೇ ಹೆತ್ರು. ಯಾವ ಸೂಜಿ ಚುಚ್ಚಿಸ್ಕೊಂಡ್ರು?” ಕುರಾನಿನಲ್ಲಿ ಯೇಸುವಿನ ಹೆಸರು ಈಸಾ, ತಾಯಿ ಮೇರಿಯ ಹೆಸರು ಮರ್ಯಮ್.

“ಅವರೂ ನೋವಿಗೆ ‘ಇದಕ್ಕಿಂತ ಮೊದಲೇ ಸತ್ತಿದ್ರೆ ಚೆನ್ನಾಗಿತ್ತು’ ಅಂದ್ರಲ್ಲ. ಅಲ್ಲಾಹ್ ಬೈದನಾ? ದುಃಖಪಡಬೇಡ ಅಂತ ಕಾಲ ಬುಡದಲ್ಲೇ ನೀರು ಕೊಟ್ಟ, ಹಣ್ಣು ಕೊಟ್ಟ,” ಎಂದರು ತಾಯಿ.

“ಹಣ್ಣು ಬೀಳೋಕೆ ಮರ ಅಲ್ಲಾಡಿಸು ಅಂದ, ಅವರು ಅಲ್ಲಾಡಿಸಿದ್ರು. ನಿಮ್ಮ ಮಗಳು ಮಂಚ ಅಲ್ಲಾಡಿಸ್ತಿದ್ದಾಳೆ.”

“ಬೀಬಿಯ ಅದೃಷ್ಟ, ಅಲ್ಲಿ ಅತ್ತೆ ಇರಲಿಲ್ಲ. ಇದ್ದಿದ್ರೆ ಹಣ್ಣನ್ನೂ ಎಣಿಸಿ ಕೊಡೋರು.”

“ನಾನು ಐದು ಹೆತ್ತೆ. ಒಂದಕ್ಕೂ ಬಾಯಿ ಬಿಡಲಿಲ್ಲ.”

“ಆಗ ಬಿಡದ ಬಾಯನ್ನ ಈಗ ಬಿಡ್ತಿದ್ದೀರಿ.”

ಅತ್ತೆ ಮುಖ ತಿರುಗಿಸಿ ತಸ್ಬೀಹ್ ಮಣಿ ಎಣಿಸತೊಡಗಿದರು. ಒಳಗಿನ ಕೂಗು ಏರಿತು. ತಾಯಿ ಬೆಂಚಿನಿಂದ ಜಾರಿ ಅವರ ಕಾಲು ಹಿಡಿದರು.

“ತಪ್ಪಾಯ್ತು ಬೀಗಿತ್ತಿ. ಮಗನಿಗೆ ಒಂದು ಮಾತು ಹೇಳಿ.”

“ಏಳಿ. ಅಲ್ಲಾಹ್‌ಗಲ್ಲದೆ ಬೇರೆ ಯಾರಿಗೂ ಬಗ್ಗಬಾರದು.”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, “ಮಗುವಿನ ತಲೆ ಕಾಣ್ತಿದೆ. ಇನ್ನು ಆ ಸೂಜಿ ಕೊಡೋಕಾಗಲ್ಲ,” ಎಂದಳು. ಇಬ್ಬರೂ ಎದ್ದು ಅತ್ತ ಓಡಿದರು.

ಅತ್ತೆಯ ಮಾತು ಉಳಿಯಿತು. ಹುಡುಗಿಯ ನೋವು ಒಂದು ಗಳಿಗೆಯೂ ತಗ್ಗಲಿಲ್ಲ.